ಮೂಲೆ ಹಿಡಿದ ಬೆರಳು

ಬೆಡ್‌ಶೀಟಿನ ಮೂಲೆ ತಂಗಿಯ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅದು ಅವಳಿಗೆ ತಿಳಿಯಲಿಲ್ಲ. ಬೆರಳುಗಳು ಇನ್ನೂ ಬಟ್ಟೆಯನ್ನು ಹಿಡಿದಂತೆಯೇ ಬಿಗಿದುಕೊಂಡಿದ್ದವು.

"ಏನೇ, ನಿಂತಲ್ಲೇ ನಿದ್ದೆ ಹೊಡೀತಿದೀಯಾ?" ಎಂದು ಅಕ್ಕ ನಕ್ಕಳು.

ಹೋಟೆಲಿನ ಲಾಂಡ್ರಿಯಲ್ಲಿ ಇಬ್ಬರೂ ಎದುರುಬದುರು ನಿಂತು ಮಡಿಸುವವರು. ಎಳೆಯುವುದು, ಹತ್ತಿರ ಬರುವುದು, ಮೂಲೆಗೆ ಮೂಲೆ ಸೇರಿಸುವುದು. ಅದು ಬೆರಳ ತುದಿಯ ಕೆಲಸ. ಕಣ್ಣಿಗೆ ಅಲ್ಲಿ ಪಾಲಿರಲಿಲ್ಲ.

ತಂಗಿ ನಗದಿದ್ದುದನ್ನು ಕಂಡು ಅಕ್ಕ ಬಳಿಗೆ ಬಂದು ಅವಳ ಬೆರಳ ತುದಿಯನ್ನು ಚಿವುಟಿದಳು. ತಂಗಿ ಕೈ ಎಳೆದುಕೊಳ್ಳಲಿಲ್ಲ.

"ಯಾವಾಗಿಂದ ಇದು?"

"ಇಂಜೆಕ್ಷನ್ ಶುರುವಾದ್ಮೇಲೆ. ಡಾಕ್ಟರಿಗೆ ಹೇಳ್ಬೇಡ ಕಣೇ. ಡೋಸ್ ಇಳಿಸಿಬಿಡ್ತಾರೆ."

ತಂಗಿಯ ಕ್ಯಾನ್ಸರ್ ಎಲುಬಿನ ಮಜ್ಜೆಯದು. ಆ ಜೀವಕೋಶಗಳು ಬಿಡುವಿಲ್ಲದೆ ಪ್ರೋಟೀನ್ ತಯಾರಿಸುತ್ತವೆ, ಸರಿಯಾಗಿ ಮಡಿಕೆಯಾಗದವನ್ನು ಒಡೆದು ವಿಲೇವಾರಿ ಮಾಡುತ್ತವೆ, ಔಷಧ ಆ ವಿಲೇವಾರಿಯನ್ನೇ ತಡೆಯುತ್ತದೆ ಎಂದು ವೈದ್ಯೆ ಮೊದಲೇ ವಿವರಿಸಿದ್ದಳು. ತಪ್ಪು ಮಡಿಕೆಯ ರಾಶಿ ಬೆಳೆದು, ಕೋಶ ತನ್ನ ಭಾರಕ್ಕೆ ತಾನೇ ಸಾಯಬೇಕು. ಲಾಂಡ್ರಿಯವರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿರಲಿಲ್ಲ.

"ಅದರ ಉಸಿರು ಕಟ್ಟಲಿ. ಕೈ ಹೋದ್ರೆ ಹೋಗ್ಲಿ," ಎಂದಳು ತಂಗಿ.

"ಆ ಔಷಧಿಯಿಂದ್ಲೇ ನರ ಪೂರ್ತಿ ಕೆಟ್ಟರೆ ಅದನ್ನೇ ನಿಲ್ಲಿಸ್ತಾರೆ, ಪೆದ್ದಿ. ಆಗ ಯಾರ ಉಸಿರು ಕಟ್ಟುತ್ತೆ?"

ತಂಗಿ ಬಗ್ಗಿ ಬೆಡ್‌ಶೀಟನ್ನು ಎತ್ತಿಕೊಂಡಳು.

ಮುಂದಿನ ಇಂಜೆಕ್ಷನ್ನಿನ ದಿನ ಅಕ್ಕ ಬಾಯಿ ತೆರೆಯುವ ಮೊದಲೇ ತಂಗಿ ವೈದ್ಯೆಯ ಮೇಜಿನ ಮೇಲೆ ಎರಡೂ ಕೈಗಳನ್ನು ಚಾಚಿದಳು.

"ಬೆರಳು ಜೋಮು ಹಿಡಿದಿದೆ, ಡಾಕ್ಟ್ರೇ. ಮುಚ್ಚಿಟ್ಟಿದ್ದೆ. ಔಷಧಿ ಮಾತ್ರ ನಿಲ್ಲಿಸಬೇಡಿ."

ವೈದ್ಯೆ ಒಂದೊಂದೇ ಬೆರಳನ್ನು ಒತ್ತಿ ನೋಡಿದಳು. "ಇನ್ನೂ ತಡ ಮಾಡಿದ್ರೆ ನಿಲ್ಲಿಸಲೇಬೇಕಾಗ್ತಿತ್ತು. ಈಗ ಡೋಸ್ ಕಮ್ಮಿ ಮಾಡಿ ಮುಂದುವರಿಸೋಣ."

"ಕಮ್ಮಿಯಾದ್ರೆ ಅದು ಸಾಯುತ್ತಾ?"

"ಬಹಳ ಜನಕ್ಕೆ ಕೆಲಸ ಮಾಡುತ್ತೆ. ನಿಮಗೆ ಏನಾಗುತ್ತೆ ಅನ್ನೋದನ್ನ ರಕ್ತ ಪರೀಕ್ಷೆ ಹೇಳ್ಬೇಕು."

"ಹಾಗಾದ್ರೆ ಇವತ್ತಿಂದ್ಲೇ ಕೊಡಿ," ಎಂದು ಅವಳು ಹೊಟ್ಟೆಯ ಮೇಲಿನ ಬಟ್ಟೆಯನ್ನು ಸರಿಸಿದಳು.

ಮರುದಿನ ಲಾಂಡ್ರಿಯಲ್ಲಿ ಅವಳು ಬೆರಳುಗಳನ್ನು ದಿಟ್ಟಿಸಿ ನೋಡುತ್ತ ಮೂಲೆ ಹಿಡಿದಳು. ಎದುರಿನಲ್ಲಿ ಅಕ್ಕ ಹೆಜ್ಜೆ ನಿಧಾನಿಸಿದಳು.

"ನನಗೋಸ್ಕರ ತೆವಳಬೇಡ. ಎಳಿ."

ಅಕ್ಕ ಎಳೆದಳು. ನಡುವೆ ಬಿಳಿಯ ಬಟ್ಟೆ ಬಿಗಿಯಾಗಿ ನಿಂತಿತು.