ಲವೀನಾಳ ಬಾಯಿ

ಡಾಕ್ಟರ್ ಹ್ಯಾಸ್ಕಿನ್ಸ್ ವೈದ್ಯ ವೃತ್ತಿ ಬಿಟ್ಟು ಬೆಂಕಿಕಡ್ಡಿ ಕಾರ್ಖಾನೆ ಹಾಕಿ ದೊಡ್ಡ ಮನುಷ್ಯರಾದವರು. ಓಹಾಯೋದ ನಮ್ಮೂರಿಗೆ ಅವರು ದಾನ ಕೊಟ್ಟ ಆಸ್ಪತ್ರೆಯ ಉದ್ಘಾಟನೆ ಅಂದು. ಕೀರ್ತನೆ ಹಾಡಲು ಕಾರ್ಖಾನೆಯ ಹೆಂಗಸರಾದ ನಮ್ಮನ್ನೇ ಸಾಲಾಗಿ ನಿಲ್ಲಿಸಿದ್ದರು. ನನ್ನ ತಂಗಿ ಲವೀನಾ ಮಾತ್ರ ತುಟಿ ಬಿಚ್ಚಲಿಲ್ಲ. ಹಲ್ಲುನೋವು ಎಂದವರನ್ನು ಕಾರ್ಖಾನೆಯಲ್ಲಿ ಅಂದೇ ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಿದ್ದರು. ಹಾಗಾಗಿ ಅವಳ ಎರಡು ಹಲ್ಲುಗಳನ್ನು ನಾನೇ ಗುಟ್ಟಾಗಿ ಇಕ್ಕಳದಿಂದ ಕಿತ್ತಿದ್ದೆ. ಗಾಯ ಮಾಯದೆ ಕೀವು ಸೋರುತ್ತಿತ್ತು.

ಡಾಕ್ಟರು ನೇರವಾಗಿ ಅವಳ ಬಳಿಗೇ ಬಂದರು.

"ಯಾಕಮ್ಮಾ, ನನ್ನ ಆಸ್ಪತ್ರೆಗೆ ಒಂದು ಹಾಡೂ ಇಲ್ವಾ? ಎಲ್ಲಿ, ಬಾಯಿ ತೆಗಿ."

ತೆಗೆದಳು. ಕಡ್ಡಿಗೆ ಹಚ್ಚುವ ರಂಜಕ ಅವಳ ದವಡೆಯನ್ನು ತಿಂದಿತ್ತು. ಆ ನಾತಕ್ಕೆ ಅವರು ಮೂಗಿಗೆ ಕರವಸ್ತ್ರ ಹಿಡಿದು ಹಿಂದೆ ಸರಿದರು.

"ಸೋಮವಾರದಿಂದ ಕೆಲಸಕ್ಕೆ ಬರಬೇಡ."

"ಇಲ್ಲೇ ಸೇರಿಸ್ಕೊಳ್ಳಿ ಡಾಕ್ಟ್ರೇ," ಎಂದೆ. "ಹಾಸಿಗೆಗಳೆಲ್ಲ ಖಾಲಿ ಇವೆಯಲ್ಲ."

"ಇವಳನ್ನ ಸೇರಿಸ್ಕೊಂಡ್ರೆ ನಾಳೆ ಇಡೀ ಕಾರ್ಖಾನೆನೇ ಬಂದು ಮಲ್ಕೊಳ್ಳತ್ತೆ!"

ಹುಟ್ಟಿದಾಗ ಲವೀನಾ ಉಸಿರಾಡಿರಲಿಲ್ಲ. ಆಗಿನ್ನೂ ಬಡ ವೈದ್ಯನಾಗಿದ್ದ ಇದೇ ಮನುಷ್ಯ ಹಿಮದಲ್ಲಿ ನಡೆದು ಬಂದು, ನನ್ನ ಕಣ್ಣೆದುರಿಗೇ, ಅದೇ ಬಾಯಿಗೆ ಬಾಯಿಟ್ಟು ಉಸಿರೂದಿದ್ದ.