ಮೂಕಮ್ಮನ ನಡಿಗೆ, ಕದಿರಮ್ಮನ ಊಟ

ಗುಮ್ಮಘಟ್ಟದ ಕಡೆ ಕುರಿ ಸಾಕುತ್ತಿದ್ದ ಯರ್ರಿಸ್ವಾಮಿಯ ಹೆಂಡತಿ ಮೂಕಮ್ಮ ಹೆಸರಿಗಷ್ಟೇ ಮೂಕಿ. ಮಾತು ಜೋರು, ಮೈ ಭಾರಿ. ಊರಲ್ಲಿ ಅವಳಷ್ಟು ದಪ್ಪ ಹೆಂಗಸು ಇನ್ನೊಬ್ಬಳಿರಲಿಲ್ಲ. ಅಂಥವಳಿಗೆ ೧೯೩೮ರ ಬೇಸಿಗೆಯಲ್ಲಿ ತಿಂದ ರೊಟ್ಟಿ ದಕ್ಕದಾಯಿತು. ನಾಟಿ ಮದ್ದುಗಳು ಸೋತ ಮೇಲೆ ಗಂಡ ಅವಳನ್ನು ರಾಯದುರ್ಗದಲ್ಲಿ ಬಸ್ಸು ಹತ್ತಿಸಿ ಅನಂತಪುರದ ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರ್ ಲಕ್ಷ್ಮೀನರಸಪ್ಪ ಪರೀಕ್ಷೆ ಮಾಡಿ, ಮುಚ್ಚಿಡದೆ ಹೇಳಿದರು. ಹೊಟ್ಟೆಯೊಳಗೆ ಕ್ಯಾನ್ಸರ್ ಗಂಟು ಇದೆ, ಅರ್ಧಕ್ಕಿಂತ ಹೆಚ್ಚು ಜಠರವನ್ನೇ ಕೊಯ್ದು ತೆಗೆಯಬೇಕು.

"ತಗೀರಿ ಸ್ವಾಮಿ. ನಾನು ದಪ್ಪ ಅದೀನಿ, ತಡಕೋತೀನಿ" ಎಂದಳು ಮೂಕಮ್ಮ.

"ದಪ್ಪ ಇದ್ದರೆ ಒಂದು ಕಷ್ಟ, ಒಂದು ಸುಖ ಕಣಮ್ಮ. ಕೊಯ್ಯೋದು ಕಷ್ಟ, ಬೊಜ್ಜಿನಲ್ಲಿ ಗಾಯ ಬೇಗ ಕೂಡೋದಿಲ್ಲ. ಆದರೆ ಆಮೇಲೆ ತಿಂಗಳುಗಟ್ಟಲೆ ಊಟ ಸರಿಯಾಗಿ ಸೇರದೆ ಇದ್ದಾಗ ಈ ಮೈಯೇ ನಿಮ್ಮನ್ನ ಕಾಯುತ್ತೆ."

ಮೊದಲು ಬಂದದ್ದು ಕಷ್ಟವೇ. ಆಪರೇಷನ್ ಆದ ಎಂಟನೆಯ ದಿನ ಗಾಯ ಕೀವು ಕಟ್ಟಿತು. ದಿನವೂ ಡ್ರೆಸ್ಸಿಂಗ್, ದಿನವೂ ಚೀರಾಟ. ಎದ್ದು ಓಡಾಡದಿದ್ದರೆ ಎದೆಯಲ್ಲಿ ಕಫ ಕೂರುತ್ತದೆಂದು ನರ್ಸ್ ಬಸಲಿಂಗಮ್ಮ ಬೈದರೂ ಮೂಕಮ್ಮ ಮಂಚ ಬಿಟ್ಟಿಳಿಯಲಿಲ್ಲ.

ಪಕ್ಕದ ಮಂಚದಲ್ಲಿ ಮಡಕಶಿರಾ ಕಡೆಯ ಕದಿರಮ್ಮ ಇದ್ದಳು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಮೇಯಿಸುವ ಮನೆಯವಳು. ಅವಳಿಗೂ ಅದೇ ಆಪರೇಷನ್ ಆಗಿ ಎರಡು ವಾರ ಕಳೆದಿತ್ತು. ಗಾಯ ಗೆರೆ ಎಳೆದಂತೆ ಕೂಡಿತ್ತು. ಆದರೆ ಬರುವಾಗಲೇ ಕಡ್ಡಿಯಂತಿದ್ದವಳು ಈಗ ಎಪ್ಪತ್ತೆರಡು ಪೌಂಡಿಗೆ ಇಳಿದಿದ್ದಳು. ಎರಡು ಚಮಚ ಗಂಜಿ ಕುಡಿದು ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು. ಡಾಕ್ಟರು ಕೀವು ಕಟ್ಟಿದ ತನಗಿಂತ ಇವಳ ಮಂಚದ ಬಳಿಯೇ ಹೆಚ್ಚು ಹೊತ್ತು ನಿಲ್ಲುವುದನ್ನು ಮೂಕಮ್ಮ ಗಮನಿಸಿದಳು.

ಒಂದು ಬೆಳಿಗ್ಗೆ ತಡೆಯಲಾರದೆ ಕೇಳಿದಳು: "ಯಾಕ ತಂಗಿ, ಗಂಜಿ ಹಂಗ ಬಿಟ್ಟಿ?"

"ಸೇರಾಕಿಲ್ಲ ಕಣಕ್ಕ."

"ನನಗ ಮೈಯಾಗ ದಾಸ್ತಾನು ಐತಿ, ಕರಗಲಿ. ನಿನಗೇನೈತಿ? ಕುಡಿ."

ಕದಿರಮ್ಮ ತಿರುಗಿ ನೋಡಿದಳು. "ನೀನು ಎದ್ದು ಓಡಾಡಾಕಿಲ್ಲ, ನನಗೆ ಬುದ್ಧಿ ಹೇಳ್ತೀಯ. ಆ ಬಾಗಿಲ ತಂಕ ಹೋಗಿ ಬಾ, ನಾನು ಲೋಟ ಮುಗಿಸ್ತೀನಿ."

ಸಿಟ್ಟಿನಿಂದಲೇ ಮೂಕಮ್ಮ ಕಾಲು ಕೆಳಗಿಟ್ಟಳು. ಹೊಟ್ಟೆಯನ್ನು ಎರಡು ಕೈಯಲ್ಲಿ ಅದುಮಿ ಹಿಡಿದು ಬಾಗಿಲು ಮುಟ್ಟಿ ಬಂದು, ಬೆವೆತು ಕುಳಿತಳು. ಕದಿರಮ್ಮ ಕೊಟ್ಟ ಮಾತಿಗೆ ಕಟ್ಟುಬಿದ್ದು ಲೋಟವನ್ನು ಒಂದೇ ಉಸಿರಿಗೆ ಎತ್ತಿ ಕುಡಿದಳು. ಸ್ವಲ್ಪ ಹೊತ್ತಿಗೆ ಅವಳ ಎದೆ ಡವಡವ ಹೊಡೆದು, ಮೈ ತಣ್ಣಗಾಗಿ, ಕಣ್ಣು ಕತ್ತಲೆ ಬಂತು. ಮೂಕಮ್ಮ ಹೆದರಿ ಕೂಗಿದ ಕೂಗಿಗೆ ಬಸಲಿಂಗಮ್ಮ ಓಡಿ ಬಂದಳು.

"ಉಳಿದಿರೋದು ಹಿಡಿಯಷ್ಟು ಹೊಟ್ಟೆ. ಒಮ್ಮೆಲೇ ಸುರಿದರೆ ತಡೆಯುತ್ತಾ?" ಎಂದು ಇಬ್ಬರನ್ನೂ ಗದರಿದಳು. "ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ. ತಿಂದ ಮೇಲೆ ಅರ್ಧ ಗಂಟೆ ಮಲಗಬೇಕು."

ಅಂದಿನಿಂದ ಅದೇ ಪದ್ಧತಿಯಾಯಿತು. ಆರು ಸಲ ಕದಿರಮ್ಮನ ಊಟ, ಆರು ಸಲ ಮೂಕಮ್ಮನ ನಡಿಗೆ. ಮೊದಲು ಗಂಜಿ, ಆಮೇಲೆ ಮೊಟ್ಟೆ, ಹಾಲಿನಲ್ಲಿ ನೆನೆಸಿದ ಇಡ್ಲಿ. ಬಾಗಿಲು ದಾಟಿದ ಮೂಕಮ್ಮ ವರಾಂಡದ ಕೊನೆ ಮುಟ್ಟಿದಳು. ಕದಿರಮ್ಮ ಮೊದಲು ಮನೆಗೆ ಹೋದಳು. ಗಾಯ ಕೂಡುವ ತನಕ ಮೂಕಮ್ಮ ಇನ್ನೂ ಮೂರು ವಾರ ಉಳಿಯಬೇಕಾಯಿತು.

ಊರಿಗೆ ಬಂದ ಮೂಕಮ್ಮನನ್ನು ಕಂಡು ಜನ ಮರುಗಿದರು. ತೋಳಿನ ಚರ್ಮ ಜೋತಿತ್ತು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅವಳಿಗೂ ಒಳಗೊಳಗೇ ದಿಗಿಲಿತ್ತು. ಮೈ ಕರಗುತ್ತಲೇ ಹೋಗುತ್ತದೋ, ಎಲ್ಲಾದರೂ ನಿಲ್ಲುತ್ತದೋ? ಯರ್ರಿಸ್ವಾಮಿ ಮಾತ್ರ ಯಾರ ಮಾತಿಗೂ ಕಿವಿಗೊಡದೆ, ಕುರಿ ಬಿಡುವ ಮೊದಲು ಒಮ್ಮೆ, ಸಂಜೆ ಹಟ್ಟಿಗೆ ಕೂಡಿದ ಮೇಲೆ ಒಮ್ಮೆ ತಾನೇ ರಾಗಿ ಅಂಬಲಿ ಕಾಸಿ ಕೊಡುತ್ತಿದ್ದ.

ದೀಪಾವಳಿ ಕಳೆದು ತಪಾಸಣೆಗೆ ಹೋದಾಗ ಡಾಕ್ಟರು ತೂಕ ನೋಡಿ ಹಳೆಯ ಚೀಟಿಯೊಂದಿಗೆ ಹೋಲಿಸಿದರು. "ಆಪರೇಷನ್ನಿಗೆ ಮುಂಚಿಗಿಂತ ನಲವತ್ತು ಪೌಂಡು ಕಡಿಮೆ. ಆದರೆ ಎರಡು ತಿಂಗಳಿಂದ ಇಳಿದಿಲ್ಲ. ಇಷ್ಟಕ್ಕೇ ನಿಂತಿದೆ."

"ಗಂಟು ಮತ್ತ ಬರಂಗಿಲ್ಲೇನ್ರಿ?"

"ಹಾಗಂತ ನಾನು ಹೇಳಲಾರೆ. ಇವತ್ತು ಚೆನ್ನಾಗಿದ್ದೀರಿ, ಅದನ್ನ ಹೇಳಬಲ್ಲೆ."

ಅಷ್ಟು ಸಾಕೆನಿಸಿತು ಅವಳಿಗೆ. ಹೊರಗೆ ಬಂದರೆ ಬೇವಿನ ಮರದ ಕೆಳಗೆ, ತನ್ನ ಸರದಿಗೆ ಕಾಯುತ್ತ ಕದಿರಮ್ಮ ಕುಳಿತಿದ್ದಳು. ಕೆನ್ನೆ ತುಂಬಿತ್ತು.

"ಎಂಬತ್ತೊಂಬತ್ತು ಪೌಂಡು ಕಣಕ್ಕ! ನರ್ಸಮ್ಮ ಈಗ ತೂಗಿದ್ರು."

ಮೂಕಮ್ಮ ಅವಳ ಗಲ್ಲ ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿದಳು. ಯರ್ರಿಸ್ವಾಮಿ ಬಸ್ಸಿಗೆ ಹೊತ್ತಾಯಿತೆಂದು ಅವಸರಪಡಿಸಿದ.

"ಮುಂದಿನ ಬಸ್ಸಿಗೆ ಹೋಗೂನು ಬಿಡ್ರಿ" ಎಂದು ಅವಳು ಮರದ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತಳು. "ಹೇಳು ತಂಗಿ, ಈ ಸಲ ರೇಷ್ಮೆಗೂಡು ಹೆಂಗ ಬಂದಾವು?"