ಗುರುಬಸವ್ವ ಬೈಯುವುದನ್ನು ಬಿಟ್ಟದ್ದು

“ನಾಕ ತಿಂಗಳಾತ್ರೀ ಸಾಹೇಬ್ರ, ಯಾರಿಗೂ ಬೈದಿಲ್ಲ,” ಎಂದ ಸಿದ್ದಲಿಂಗೇಶ.

ಸ್ಟೇಷನ್ ರಸ್ತೆಯ ಮಿದುಳಿನ ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. “ಇದು ತ್ರಾಸ ಏನು?”

“ನಮ್ಮವ್ವನ ಬಾಯಿ ನಿಮಗ ಗೊತ್ತಿಲ್ರಿ.”

ಆ ಬಾಯಿಯ ಒಡತಿ ಗುರುಬಸವ್ವ ಪಕ್ಕದ ಕುರ್ಚಿಯಲ್ಲಿ ಕೂತು, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ತಲೆಬುರುಡೆಗೆ ನಗೆ ಬೀರುತ್ತಿದ್ದಳು. ಅವರ ಊರು ಹೊನವಾಡಕ್ಕೆ ದ್ರಾಕ್ಷಿ ಕೊಳ್ಳಲು ಬರುವ ದಲಾಲರು ಈಕೆ ಮನೆಯಲ್ಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದರು. ಅಂಥವಳು ಇಂದು ಬೆಳಿಗ್ಗೆ ಬಸ್ ಕಂಡಕ್ಟರನ ಗಲ್ಲ ಹಿಡಿದು, “ಎಷ್ಟ ಸೊರಗೀಯೋ ಯಪ್ಪಾ,” ಎಂದಿದ್ದಳು. ಗಂಡ ಈರಯ್ಯ ಮೊದಲ ವಾರ ದೇವರಿಗೆ ಕಾಯಿ ಒಡೆಸಿದ್ದ. ಎರಡನೆಯ ವಾರದಿಂದ ಅವನಿಗೆ ನಿದ್ದೆ ಹತ್ತಿರಲಿಲ್ಲ.

ಸೊಸೆ ನಂದಾ ಗೋಡೆಗೆ ಆತು ನಿಂತಿದ್ದಳು. ಈ ನಾಲ್ಕು ತಿಂಗಳು ಏನೆಂದು ಅವಳಿಗಷ್ಟೇ ಗೊತ್ತು. ಮದುವೆಯಾಗಿ ಮೂರು ವರ್ಷ ಅವಳ ರೊಟ್ಟಿ ಒಂದು ದಿನವೂ ದುಂಡಗಾಗಿರಲಿಲ್ಲ, ಅತ್ತೆಯ ಕಣ್ಣಿಗೆ. ಈಗ ಅದೇ ಅತ್ತೆ ಅದೇ ರೊಟ್ಟಿಯ ಮೇಲೆ ಕೆನೆ ಹಾಕಿ ಕೊಡುತ್ತಿದ್ದಳು. “ಕೂಡ ಬೇ, ದಣದೀದಿ,” ಎಂದು ಕೂರಿಸಿ ತಲೆ ಬಾಚುತ್ತಿದ್ದಳು.

ನಂದಾ ಇನ್ನೂ ಒಂದನ್ನು ನೋಡಿದ್ದಳು. ನೋಡಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಈ ಅತ್ತೆ ಹೋಗಿ ಆ ಅತ್ತೆ ಬಂದುಬಿಟ್ಟರೆ?

“ವಯಸ್ಸಾದಂಗ ಕೆಲವರು ಮೆತ್ತಗ ಆಗ್ತಾರ,” ಎಂದರು ಡಾಕ್ಟರು. “ನಿಮ್ಮ ಪುಣ್ಯಾ ಅನ್ರಿ. ಶಕ್ತಿ ಗುಳಿಗಿ ಬರೀತೀನಿ.”

ಎಲ್ಲರೂ ಎದ್ದರು. ಗುರುಬಸವ್ವ ಸೊಸೆಯ ಕೈ ಹಿಡಿದಳು. “ನಡಿ ನಂದಾ, ಪ್ಯಾಟ್ಯಾಗ ನಿನಗ ಬಳಿ ಇಡಸ್ತೀನಿ.”

ಹಿಡಿದ ಆ ಕೈ ಬೆಚ್ಚಗಿತ್ತು. ನಂದಾ ಎರಡು ಹೆಜ್ಜೆ ನಡೆದಳು, ಮೂರನೆಯದು ಏಳಲಿಲ್ಲ.

“ಅತ್ತ್ಯಾರಿಗೆ ವಾಸನಿ ಬರೂದಿಲ್ರಿ.”

ಗೋಡೆಯೇ ಮಾತಾಡಿತೆಂಬಂತೆ ಈರಯ್ಯ ತಿರುಗಿ ನೋಡಿದ.

“ಮೊದಲೆಲ್ಲಾ, ಮೂರು ಮನಿ ಆಚೆ ಒಗ್ಗರಣಿ ಸೀದ್ರೂ ಮನ್ಯಾಗ ಕುಂತ ಅವರ ಹೆಸರ ಹಿಡದು ಬೈತಿದ್ರು. ಈಗ ಬಾಜೂಕ ಹಾಲು ಹೊತ್ತಿ ಕರ‍್ರಗಾದ್ರೂ ಗೊತ್ತಾಗಂಗಿಲ್ರಿ.”

ಡಾಕ್ಟರು ಕೈತೊಳೆಯುವ ಸಾಬೂನು ತಂದು, ಗುರುಬಸವ್ವನ ಕಣ್ಣು ಮುಚ್ಚಿಸಿ, ಮೂಗಿನ ಹತ್ತಿರ ಹಿಡಿದರು. “ಏನಿದು ಅಮ್ಮಾ?”

“ಪೇಢಾ,” ಎಂದು ಆಕೆ ಬಾಯಿ ತೆರೆದಳು.

ಡಾಕ್ಟರು ಗುಳಿಗೆಯ ಚೀಟಿ ಹರಿದರು. “ತಲಿದು ಎಂಆರ್‌ಐ ಆಗಬೇಕು. ಇವತ್ತ.”

ಸ್ಕ್ಯಾನಿನ ಕೋಣೆಯ ಮುಂದೆ ಅಯೂಬ ಎಂಬ ತಂತ್ರಜ್ಞ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕೆಂದ. ಗುರುಬಸವ್ವ ತಾಳಿ ಬಿಚ್ಚಿ ಗಂಡನ ಕೊರಳಿಗೆ ಹಾಕಿದಳು. “ನೀವ ಕಟ್ಟಿದ್ದು, ನೀವ ಇಟಗೊರಿ.” ಸ್ನಾನಕ್ಕೂ ತೆಗೆಯದ ಬಂಗಾರದ ಪಾಟ್ಲಿ ಬಳೆಗಳನ್ನು ಕಳಚಿ ನಂದಾಳ ಕೈಗೆ ಏರಿಸಿದಳು. “ನಿನಗ ಒಪ್ತಾವ. ಹಂಗ ಇರಲಿ.”

ಯಂತ್ರ ಧಡಧಡ ಬಡಿದುಕೊಳ್ಳತೊಡಗಿತು. ಐದು ನಿಮಿಷಕ್ಕೇ ಅಯೂಬ ಅದನ್ನು ನಿಲ್ಲಿಸಿದ. “ಅವ್ವಾ, ಮಾತಾಡಬ್ಯಾಡ್ರಿ, ತಲಿ ಅಳ್ಳಾಡ್ತೈತಿ!” ಹೊರಗೆ ಬಂದು ಬೆವರು ಒರೆಸಿಕೊಂಡ. “ಒಳಗ ಹೋದಾವ್ರು ಅಂಜಿ ಅಳ್ತಾರ್ರಿ. ಇವರು ನನಗ ಊಟ ಆತೇನು ಅಂತ ಕೇಳಾಕತ್ತಾರ.”

ಸಂಜೆಗೆ ಡಾಕ್ಟರು ಪರದೆಯ ಮೇಲೆ ತೋರಿಸಿದರು. ಮೂಗಿನ ಮೇಲೆ, ಹಣೆಯ ಹಿಂದೆ, ಲಿಂಬೆಹಣ್ಣಿನಷ್ಟು ಬೆಳ್ಳಗೆ ಒಂದು ಗಡ್ಡೆ.

“ಕೆಟ್ಟ ಜಾತಿದು ಅನಸೂದಿಲ್ಲ. ಆದ್ರ ಬಿಟ್ರ ಬೆಳೀತೈತಿ, ಜೀವಕ್ಕ ಬರ್ತೈತಿ. ತಗದ್ರ ಬಹುತೇಕ ಮೊದಲಿನಂಗ ಆಗ್ತಾರ.”

“ಮೊದಲಿನಂಗ ಅಂದ್ರ,” ಈರಯ್ಯ ಕೇಳಿದ, “ಪೂರಾ ಮೊದಲಿನಂಗ ಏನ್ರಿ?”

“ಆಗಬೇಕು.”

ಕೊರಳಲ್ಲಿದ್ದ ತಾಳಿಯನ್ನು ಹಿಡಿದುಕೊಂಡು ಈರಯ್ಯ ಪರದೆಯ ಹತ್ತಿರ ಬಂದ. “ಒಂದೀಟು ಒಳಗ ಬಿಡಾಕ ಬರೂದಿಲ್ಲೇನ್ರಿ?”

“ಯಪ್ಪಾ!” ಎಂದ ಸಿದ್ದಲಿಂಗೇಶ. ಅವನ ದನಿಯಲ್ಲಿ ಸಿಟ್ಟು ಅಷ್ಟೇನೂ ಇರಲಿಲ್ಲ.

ನಂದಾ ಹೊರಗೆ ಬಂದಳು. ಬೆಂಚಿನ ಮೇಲೆ ಗುರುಬಸವ್ವ ಕಿತ್ತಳೆ ಸುಲಿಯುತ್ತಿದ್ದಳು. ನಂದಾ ಪಕ್ಕದಲ್ಲಿ ಕೂತು ಪಾಟ್ಲಿಗಳನ್ನು ಒಂದೊಂದಾಗಿ ಕಳಚಿದಳು. ಅತ್ತೆಯ ಸೆರಗಿನ ತುದಿಯಲ್ಲಿ ಅವನ್ನಿಟ್ಟು, ಅತ್ತೆ ಮೊದಲು ದುಡ್ಡು ಕಟ್ಟುತ್ತಿದ್ದಂತೆಯೇ ಎರಡು ಸುತ್ತು ಸುತ್ತಿ, ಹಲ್ಲಿನಿಂದ ಬಿಗಿದಳು.

“ಇರಲಿ ಬಿಡ ಬೇ. ಯಾಕ ತಗದಿ?”

“ಆಮ್ಯಾಗ ನೀವ ಬೈತೀರಿ ಅತ್ತಿ.”

“ನಾನ? ನಾ ಯಾಕ ಬೈಲಿ?” ಗುರುಬಸವ್ವ ಮನಸಾರೆ ನಕ್ಕಳು. ಒಂದು ತೊಳೆ ಬಿಡಿಸಿ, ಅದರ ಮೇಲಿನ ಬಿಳಿ ಎಳೆಗಳನ್ನು ಒಂದೂ ಬಿಡದೆ ಕಿತ್ತು, ಸೊಸೆಯ ತುಟಿಗೆ ಹಿಡಿದಳು.

ನಂದಾ ಬಾಯಿ ತೆರೆದಳು.